ಮೈಯೊಳಗಿನ ಪೊರಕೆ

ನಮ್ಮ ಸಂಜೆಯ ತರಗತಿಗೆ ಒಬ್ಬ ತಾಯಿ ಬರುತ್ತಾರೆ. ಅವರ ಹೆಸರು ಇಲ್ಲಿ ಬೇಡ. ಅವರ ಮಗನಿಗೆ ಏಳು ವರ್ಷ. ಹುಡುಗ ತಾಯಿಯ ಪಕ್ಕ ಕೂತು ಸ್ಲೇಟಿನ ಮೇಲೆ ಚಿತ್ರ ಬರೆಯುತ್ತಾನೆ. ಬರೆಯುತ್ತಾ ಬರೆಯುತ್ತಾ ಕೆಮ್ಮುತ್ತಾನೆ. ಮಳೆಗಾಲವಿರಲಿ, ಬೇಸಿಗೆ ಇರಲಿ, ಕೆಮ್ಮು ನಿಲ್ಲುವುದಿಲ್ಲ. ಮೂಗು ಸದಾ ಸುರಿಯುತ್ತಿರುತ್ತದೆ. ಒಂದು ಕಿವಿ ಸೋರುತ್ತದೆ. ಹಿಂದಿನಿಂದ ಕರೆದರೆ ಕೆಲವು ಸಲ ಅವನಿಗೆ ಕೇಳಿಸುವುದಿಲ್ಲ.

"ಬಾಣಂತನದಾಗೆ ಇವಳು ತಣ್ಣೀರು ಮುಟ್ಟಿದ್ಲು, ಮೊಸರು ತಿಂದ್ಲು. ಅದಕ್ಕೇ ಮಗೀಗೆ ಶೀತದ ಮೈ ಬಂದೈತೆ." ಹೀಗೆ ಅತ್ತೆ ಏಳು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಆ ತಾಯಿಯೂ ಅದನ್ನೇ ನಂಬಿದ್ದರು.

ಕಳೆದ ವರ್ಷ ಹುಡುಗನನ್ನು ದೊಡ್ಡ ಆಸ್ಪತ್ರೆಗೆ ತೋರಿಸಿದರು. ಮೊದಲು ಕಫ ಪರೀಕ್ಷೆ ಆಯಿತು. ಕ್ಷಯ ಇರಲಿಲ್ಲ. ಆಮೇಲೆ ಎಕ್ಸ್‌ರೇ ತೆಗೆದರು. ವೈದ್ಯರು ಆ ಎಕ್ಸ್‌ರೇಯನ್ನು ಎರಡೆರಡು ಸಲ ತಿರುಗಿಸಿ ನೋಡಿದರಂತೆ. ಯಾಕೆ ಗೊತ್ತೇ? ಹುಡುಗನ ಹೃದಯ ಎಡಗಡೆ ಇರಲಿಲ್ಲ. ಬಲಗಡೆ ಇತ್ತು!

"ಇವನ ಉಸಿರಿನ ದಾರಿಯಲ್ಲಿರುವ ಸಣ್ಣ ಕೂದಲು ಸರಿಯಾಗಿ ಅಲ್ಲಾಡುತ್ತಿಲ್ಲ ಅಂತ ಅನುಮಾನ. ಮೂಗಿನ ಪರೀಕ್ಷೆ ಮಾಡಬೇಕು" ಎಂದು ವೈದ್ಯರು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ತಾಯಿ ನನ್ನ ಹತ್ತಿರ ಬಂದರು.

"ಟೀಚರ್, ಕೂದಲು ಅಲ್ಲಾಡದಿದ್ರೆ ಕೆಮ್ಮು ಹೆಂಗೆ ಬತ್ತದೆ? ಎದೆ ಬಲಗಡೆ ಹೆಂಗೆ ಹೋಯ್ತದೆ?"

ನನಗೂ ಗೊತ್ತಿರಲಿಲ್ಲ. ಅವರು ಇನ್ನೊಂದು ಮಾತನ್ನೂ ಹೇಳಿದರು. ಅವರ ಅಣ್ಣ ಮೊಬೈಲಿನಲ್ಲಿ ಹುಡುಕಿ ಒಂದು ಪುಡಿ ಕಂಡುಹಿಡಿದಿದ್ದರಂತೆ. ಆ ಕೂದಲಿಗೆ ಬೇಕಾದ ಮನುಷ್ಯರ ಪ್ರೋಟೀನ್ ಅಂತ ಅದರ ಮೇಲೆ ಬರೆದಿತ್ತಂತೆ. ಬೆಲೆ ಹತ್ತಾರು ಸಾವಿರ ರೂಪಾಯಿ. "ಅರ್ಧ ಎಕರೆ ಹೊಲ ಅಡ ಇಟ್ಟು ತರಿಸಾನ, ಮಗ ಉಸಾರಾಯ್ತಾನೆ ಅಂತ ಅಣ್ಣ ಹೇಳ್ತಾ ಅವ್ನೆ. ತರಿಸಾನಾ ಟೀಚರ್?"

ಸುಮ್ಮನೆ ಹೂಂ ಅನ್ನುವ ಹಾಗಿರಲಿಲ್ಲ, ಉಹೂಂ ಅನ್ನುವ ಹಾಗೂ ಇರಲಿಲ್ಲ. ನನ್ನ ಜೊತೆ ಹೈಸ್ಕೂಲು ಓದಿದ ಗೆಳತಿ ಬೆಂಗಳೂರಿನಲ್ಲಿ ಪ್ರಯೋಗಾಲಯದ ಕೆಲಸ ಮಾಡುತ್ತಾಳೆ. ಅವಳ ಮನೆಗೆ ಹೋಗಿ ಒಂದು ಇಡೀ ಭಾನುವಾರ ಕೂತು ಕೇಳಿಕೊಂಡು ಬಂದೆ. ಅವಳು ಹೇಳಿದ್ದನ್ನು, ಆಮೇಲೆ ನಾನು ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಪೊರಕೆ ಎಲ್ಲಿದೆ?

ಬೆಳಿಗ್ಗೆ ಎದ್ದ ಕೂಡಲೇ ನಾವು ಏನು ಮಾಡುತ್ತೇವೆ? ಪೊರಕೆ ಹಿಡಿಯುತ್ತೇವೆ. ಒಂದು ದಿನ ಗುಡಿಸದಿದ್ದರೂ ಮನೆಯಲ್ಲಿ ಧೂಳು ಕೂರುತ್ತದೆ. ನಮ್ಮ ಉಸಿರಿನ ದಾರಿಯೂ ಹಾಗೆಯೇ. ಉಸಿರಿನ ಜೊತೆ ಧೂಳು ಒಳಗೆ ಹೋಗುತ್ತದೆ. ಒಲೆಯ ಹೊಗೆ ಹೋಗುತ್ತದೆ. ಕಣ್ಣಿಗೆ ಕಾಣದ ರೋಗಾಣು ಹೋಗುತ್ತದೆ. ಇವೆಲ್ಲ ಒಳಗೇ ನಿಂತರೆ ಏನು ಗತಿ?

ಮೂಗಿನಿಂದ ಶ್ವಾಸಕೋಶದವರೆಗೆ ದಾರಿಯ ಗೋಡೆಗೆ ಒಂದು ತೆಳುವಾದ ಲೋಳೆ ಬಳಿದಿರುತ್ತದೆ. ಅದು ಅಂಟು ಅಂಟು. ಒಳಗೆ ಬಂದ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಲೋಳೆಯ ಕೆಳಗೆ ಕೋಟಿ ಕೋಟಿ ಕಿರುಗೂದಲು ಇವೆ. ಶಾಲೆಯ ಪುಸ್ತಕದಲ್ಲಿ ಇವನ್ನು ಲೋಮಾಂಗ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಸಿಲಿಯಾ. ಇವು ತಲೆಗೂದಲಿನ ಹಾಗಲ್ಲ. ಮೂಗಿನ ಹೊಳ್ಳೆಯಲ್ಲಿ ಕಾಣುವ ಕೂದಲೂ ಇವಲ್ಲ. ಇವು ಬರಿಗಣ್ಣಿಗೆ ಕಾಣುವುದೇ ಇಲ್ಲ. ಸುಮಾರು 150 ಕಿರುಗೂದಲನ್ನು ಒಂದರ ತುದಿಗೆ ಒಂದು ಜೋಡಿಸಿದರೆ ಆಗುವ ಉದ್ದ ಎಷ್ಟು ಗೊತ್ತೇ? ಒಂದೇ ಒಂದು ಮಿಲಿಮೀಟರ್. ಒಂದೊಂದು ಜೀವಕೋಶದ ಮೇಲೂ ಇಂಥ ಸುಮಾರು 200 ಕಿರುಗೂದಲು ಎದ್ದು ನಿಂತಿರುತ್ತವೆ.

ತಲೆಗೂದಲಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸ ಉಂಟು. ತಲೆಗೂದಲು ಗಾಳಿ ಬೀಸಿದರೆ ಅಲ್ಲಾಡುತ್ತದೆ. ಕಿರುಗೂದಲು ತಾನೇ ಅಲ್ಲಾಡುತ್ತದೆ. ಒಂದು ಸೆಕೆಂಡಿಗೆ ಹತ್ತು ಹನ್ನೆರಡು ಸಲ. ಹಗಲೂ ರಾತ್ರಿ. ರಾಗಿ ಹೊಲದ ಮೇಲೆ ಗಾಳಿ ಹೋದಾಗ ಪೈರು ಅಲೆ ಅಲೆಯಾಗಿ ಬಾಗುವುದನ್ನು ನೋಡಿದ್ದೀರಲ್ಲ? ಹಾಗೆ ಇವೂ ಒಂದರ ಹಿಂದೆ ಒಂದು ಬಾಗುತ್ತವೆ. ಧೂಳು ಹಿಡಿದ ಲೋಳೆಯನ್ನು ಮೇಲೆ ಮೇಲೆ ತಳ್ಳಿ ಗಂಟಲಿಗೆ ತರುತ್ತವೆ. ನಾವು ಅದನ್ನು ಗೊತ್ತಿಲ್ಲದೇ ನುಂಗಿಬಿಡುತ್ತೇವೆ. ಅಷ್ಟೇ, ಮನೆ ಗುಡಿಸಿದ ಹಾಗಾಯಿತು.

ಕಿರುಗೂದಲು ಅಲ್ಲಾಡದಿದ್ದರೆ? ಲೋಳೆ ಅಲ್ಲೇ ನಿಲ್ಲುತ್ತದೆ. ನಿಂತ ನೀರು ಕೆಡುವ ಹಾಗೆ ಅದೂ ಕೆಡುತ್ತದೆ. ರೋಗಾಣು ಬೆಳೆಯುತ್ತದೆ. ಕಫ ಕಟ್ಟುತ್ತದೆ. ಗುಡಿಸುವವರಿಲ್ಲದ ಮನೆಯಲ್ಲಿ ಉಳಿಯುವ ದಾರಿ ಒಂದೇ, ಕೆಮ್ಮಿ ಹೊರಗೆ ಹಾಕುವುದು. ಅದಕ್ಕೇ ಆ ಮಗು ವರ್ಷವಿಡೀ ಕೆಮ್ಮುತ್ತದೆ. ಮೂಗಿನಲ್ಲೂ ಇದೇ ಕೂದಲು ಉಂಟು. ಕಿವಿಗೆ ಹೋಗುವ ಒಳದಾರಿಯಲ್ಲೂ ಉಂಟು. ಅದಕ್ಕೇ ಮೂಗು ಸುರಿಯುವುದು, ಕಿವಿ ಮಂದವಾಗುವುದು.

ಈ ಕಾಯಿಲೆಯ ಹೆಸರು ಉದ್ದವಾಗಿದೆ. ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯ. ಚಿಕ್ಕದಾಗಿ ಪಿ.ಸಿ.ಡಿ. ಅನ್ನುತ್ತಾರೆ. ಇದು ಅಪರೂಪದ ಕಾಯಿಲೆ. ಸುಮಾರು 10,000 ಮಕ್ಕಳಲ್ಲಿ ಒಂದು ಮಗುವಿಗೆ ಇರಬಹುದು ಎಂದು ಅಂದಾಜು. ಆದ್ದರಿಂದ ನಿಮ್ಮ ಮಗು ಕೆಮ್ಮಿದರೆ ಇದೇ ಅಂತ ಹೆದರಬೇಡಿ. ಎರಡು ವಾರ ಕಳೆದರೂ ಕೆಮ್ಮು ಹೋಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಕ್ಷಯದ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಹೆಚ್ಚು ಕಾಣುವುದು ಅದು.

ಹೃದಯ ಬಲಗಡೆಗೆ ಹೇಗೆ ಹೋಯಿತು?

ಈ ಪ್ರಶ್ನೆ ಕೇಳಿ ನನ್ನ ಗೆಳತಿ ನಕ್ಕಳು. "ಇದೇ ಪ್ರಶ್ನೆ ಲೋಕದ ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿತ್ತು" ಅಂದಳು.

1933ರಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಕಾರ್ಟಾಗೆನರ್ ಎಂಬ ವೈದ್ಯರು ಒಂದು ಸಂಗತಿ ಬರೆದರು. ಅವರ ಹತ್ತಿರ ಬಂದ ಕೆಲವು ರೋಗಿಗಳಿಗೆ ಸದಾ ಕೆಮ್ಮು, ಸದಾ ಮೂಗಿನ ತೊಂದರೆ. ಜೊತೆಗೆ ಹೊಟ್ಟೆ, ಎದೆಯ ಒಳಗಿನ ಅಂಗಗಳೆಲ್ಲ ಅದಲು ಬದಲು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕನ್ನಡಿಯಲ್ಲಿ ಕಂಡ ಹಾಗೆ. ಕೆಮ್ಮಿಗೂ ಇದಕ್ಕೂ ಏನು ಸಂಬಂಧ ಅಂತ ಆಗ ಗೊತ್ತಾಗಲಿಲ್ಲ.

ನಲವತ್ತಮೂರು ವರ್ಷ ಕಳೆಯಿತು. 1976ರಲ್ಲಿ ಸ್ವೀಡನ್ ದೇಶದಲ್ಲಿ ಅಫ್ಜೀಲಿಯಸ್ ಎಂಬ ವಿಜ್ಞಾನಿ ಇನ್ನೊಂದು ಕಡೆಯಿಂದ ಇದೇ ಸಂಗತಿಗೆ ಬಂದರು. ಮಕ್ಕಳಾಗದ ಕೆಲವು ಗಂಡಸರನ್ನು ಪರೀಕ್ಷೆ ಮಾಡಿದ್ದರು. ಗಂಡಸಿನ ವೀರ್ಯಾಣುವಿಗೆ ಒಂದು ಬಾಲ ಇರುತ್ತದೆ. ಅದನ್ನು ಬಡಿದುಕೊಂಡು ಅದು ಈಜಬೇಕು. ಇವರ ವೀರ್ಯಾಣುಗಳು ಜೀವಂತ ಇದ್ದವು, ಆದರೆ ಬಾಲ ಅಲ್ಲಾಡುತ್ತಿರಲಿಲ್ಲ. ಆ ಗಂಡಸರಿಗೆ ಚಿಕ್ಕಂದಿನಿಂದ ಕೆಮ್ಮು ಕಫವೂ ಇತ್ತು. ಕೆಲವರ ಹೃದಯ ಬಲಗಡೆ ಇತ್ತು. ಬಾಲದ ಒಳಗಿನ ಕಟ್ಟೋಣವೂ ಕಿರುಗೂದಲಿನ ಕಟ್ಟೋಣವೂ ಒಂದೇ. ಎರಡರಲ್ಲೂ ಒಂದೇ ಭಾಗ ಇಲ್ಲವಾಗಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಮಕ್ಕಳಾಗದಿದ್ದರೆ ನಮ್ಮಲ್ಲಿ ಯಾರನ್ನು ಬೈಯುತ್ತಾರೆ? ಹೆಂಗಸನ್ನೇ ಅಲ್ವಾ? ಹರಕೆ ಹೊರುವವಳು ಅವಳು, ಉಪವಾಸ ಮಾಡುವವಳು ಅವಳು, ಸವತಿ ಬಂದರೆ ಸಹಿಸಬೇಕಾದವಳೂ ಅವಳೇ. ಗಂಡನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ ಎಂದರೆ ಮನೆಯವರಿಗೆ ಸಿಟ್ಟು ಬರುತ್ತದೆ. ಆದರೆ ಆ ಸ್ವೀಡನ್ನಿನ ಮನೆಗಳಲ್ಲಿ ಕಾರಣ ಇದ್ದದ್ದು ಗಂಡಸಿನ ಮೈಯಲ್ಲಿ. ಹೆಂಗಸರ ಗರ್ಭನಾಳದಲ್ಲೂ ಕಿರುಗೂದಲು ಇವೆ. ಅಂಡವನ್ನು ಗರ್ಭಕೋಶದ ಕಡೆ ಸಾಗಿಸಲು ಅವು ನೆರವಾಗುತ್ತವೆ. ಆದ್ದರಿಂದ ಈ ಕಾಯಿಲೆ ಇರುವ ಕೆಲವು ಹೆಂಗಸರಿಗೂ ಬಸಿರಾಗುವುದು ತಡವಾಗಬಹುದು. ಇಬ್ಬರನ್ನೂ ಪರೀಕ್ಷೆ ಮಾಡದೆ ತಿಳಿಯುವುದಿಲ್ಲ.

ಈಗ ಹೃದಯದ ಮಾತಿಗೆ ಬರೋಣ. ಬಸಿರಿನಲ್ಲಿ ಮಗು ಇನ್ನೂ ಸಾಸಿವೆ ಕಾಳಿನಷ್ಟೂ ಇಲ್ಲದಾಗ ಅದರ ಮೇಲೆ ಒಂದು ಪುಟ್ಟ ಗುಳಿ ಇರುತ್ತದೆ. ಅಲ್ಲಿ ಕಿರುಗೂದಲು ಗರಗರ ತಿರುಗುತ್ತವೆ. ಅದರಿಂದ ಅಲ್ಲಿನ ನೀರು ಎಡಕ್ಕೆ ಹರಿಯುತ್ತದೆ. ಇದು ಎಡ, ಇದು ಬಲ ಅಂತ ಮೈಗೆ ತಿಳಿಯುವುದು ಆ ಹರಿವಿನಿಂದ. ಜಪಾನಿನ ವಿಜ್ಞಾನಿಗಳು 1998ರಲ್ಲಿ ಇಲಿಯ ಭ್ರೂಣದಲ್ಲಿ ಇದನ್ನು ಕಂಡು ತೋರಿಸಿದರು. ಕೂದಲು ತಿರುಗದಿದ್ದರೆ ನೀರು ಹರಿಯುವುದಿಲ್ಲ. ಆಗ ಹೃದಯ ಯಾವ ಕಡೆಗಾದರೂ ಹೋಗಬಹುದು. ನಾಣ್ಯ ಚಿಮ್ಮಿದ ಹಾಗೆ. ಅದಕ್ಕೇ ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಗಗಳು ಅದಲು ಬದಲಾಗಿರುತ್ತವೆ. ಉಳಿದರ್ಧಕ್ಕೆ ಸರಿಯಾಗೇ ಇರುತ್ತವೆ.

ಅಂದರೆ ಆ ಹುಡುಗನ ತೊಂದರೆ ಬಾಣಂತನದಲ್ಲಿ ಶುರುವಾದದ್ದಲ್ಲ. ತಾಯಿಗೆ ತಾನು ಬಸುರಿ ಅಂತ ಸರಿಯಾಗಿ ಗೊತ್ತಾಗುವ ಹೊತ್ತಿಗೇ ಅವನ ಹೃದಯದ ದಿಕ್ಕು ತೀರ್ಮಾನವಾಗಿತ್ತು. ಮೊಸರೂ ಕಾರಣವಲ್ಲ, ತಣ್ಣೀರೂ ಕಾರಣವಲ್ಲ. ಇದನ್ನು ಆ ತಾಯಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು "ಇದನ್ನ ನಮ್ಮತ್ತೆ ಮುಂದೆ ಒಂದ್ಸಲ ಹೇಳ್ತೀರಾ ಟೀಚರ್?" ಅಂದರು. ಹೇಳಿದೆ.

ತೋಳಿನ ಪ್ರೋಟೀನ್

ಕಿರುಗೂದಲು ಅಲ್ಲಾಡುವುದು ಹೇಗೆ? ಅದನ್ನು ಅಡ್ಡ ಕೊಯ್ದು ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಎರಡು ಸಣ್ಣ ಕೊಳವೆ ಕಾಣುತ್ತವೆ. ಸುತ್ತ ಒಂಬತ್ತು ಜೋಡಿ ಕೊಳವೆ. ಪ್ರತಿ ಜೋಡಿಗೂ ಪುಟ್ಟ ತೋಳುಗಳಿವೆ. ಒಂದು ಜೋಡಿಯ ತೋಳು ಪಕ್ಕದ ಜೋಡಿಯನ್ನು ಹಿಡಿದು ಎಳೆಯುತ್ತದೆ. ಹಾಗೆ ಎಳೆದಾಗ ಕೂದಲು ಬಾಗುತ್ತದೆ. ಈ ತೋಳಿಗೆ 1965ರಲ್ಲಿ ಗಿಬ್ಬನ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಡೈನೀನ್ ಎಂದು ಹೆಸರಿಟ್ಟರು. ಬಲ ಎಂಬ ಅರ್ಥದ ಮಾತಿನಿಂದ ಬಂದ ಹೆಸರು ಅದು.

ತೋಳು ಯಾವುದರಿಂದ ಆಗಿದೆ? ಪ್ರೋಟೀನಿನಿಂದ. ಪ್ರೋಟೀನ್ ಅಂದರೆ ಬೇಳೆ, ಮೊಟ್ಟೆ ಅಂತ ನಾವು ಆರೋಗ್ಯ ಪಾಠದಲ್ಲಿ ಓದಿದ್ದೇವೆ. ಅದು ಸರಿ. ಆದರೆ ಪ್ರೋಟೀನ್ ಒಂದೇ ಬಗೆಯದಲ್ಲ. ನಮ್ಮ ಮೈ ಸಾವಿರಾರು ಬಗೆಯ ಪ್ರೋಟೀನುಗಳನ್ನು ತಾನೇ ಮಾಡಿಕೊಳ್ಳುತ್ತದೆ. ಪ್ರೋಟೀನ್ ಅಂದರೆ ಮಣಿ ಪೋಣಿಸಿದ ಸರ. ಮಣಿಯಲ್ಲಿ ಇಪ್ಪತ್ತು ಬಗೆ. ಯಾವ ಮಣಿಯ ಮುಂದೆ ಯಾವ ಮಣಿ ಬರಬೇಕು ಎಂಬುದರ ಮೇಲೆ ಸರದ ಗುಣ ನಿಂತಿದೆ. ಆ ಕ್ರಮ ವಂಶವಾಹಿಯಲ್ಲಿ ಬರೆದಿರುತ್ತದೆ. ವಂಶವಾಹಿ ತಪ್ಪಾದರೆ ಸರ ತಪ್ಪಾಗುತ್ತದೆ.

ಆ ಅಣ್ಣ ಮೊಬೈಲಿನಲ್ಲಿ ನೋಡಿದ್ದು ಇಂಥದೇ ಒಂದು ಪ್ರೋಟೀನ್. ಅದರ ಹೆಸರು ಡಿ.ಎನ್.ಎ.ಐ.1. ಹೆಸರು ನೆನಪಿಟ್ಟುಕೊಳ್ಳುವುದು ಬೇಡ. ತೋಳಿನ ಪ್ರೋಟೀನ್ ಅನ್ನೋಣ. ಅದು ಹೊರಗಡೆಯ ತೋಳಿನ ಬುಡದಲ್ಲಿ ಇರುತ್ತದೆ. ಸುಮಾರು 700 ಮಣಿಗಳ ಸರ. ಅದು ಇಲ್ಲದಿದ್ದರೆ ಹೊರತೋಳು ಕೂರುವುದೇ ಇಲ್ಲ.

ಇದನ್ನು ಕಂಡುಹಿಡಿದ ಬಗೆ ನನಗೆ ಬಹಳ ಇಷ್ಟವಾಯಿತು. ಕೆರೆಯ ನೀರು ಹಸಿರಾಗುವುದನ್ನು ನೋಡಿದ್ದೀರಿ. ಅಂಥ ನೀರಿನಲ್ಲಿ ಒಂದೇ ಕೋಶದ ಪಾಚಿಗಳಿರುತ್ತವೆ. ಅವುಗಳಲ್ಲಿ ಒಂದು ಬಗೆಗೆ ಎರಡು ಬಾಲ ಉಂಟು. ಬಾಲ ಬಡಿಯುತ್ತಾ ಈಜುತ್ತದೆ. ಈಜಲಾರದ ಪಾಚಿಗಳನ್ನು ಆರಿಸಿಕೊಂಡು ವಿಜ್ಞಾನಿಗಳು ಅವುಗಳ ಬಾಲದ ಪ್ರೋಟೀನುಗಳನ್ನು ಒಂದೊಂದಾಗಿ ಗುರುತಿಸಿದ್ದರು. 1999ರಲ್ಲಿ ಫ್ರಾನ್ಸ್ ದೇಶದವರು ಪಾಚಿಯ ಆ ಪ್ರೋಟೀನಿಗೆ ಸಮನಾದದ್ದು ಮನುಷ್ಯರಲ್ಲೂ ಇದೆಯೇ ಎಂದು ಹುಡುಕಿದರು. ಸಿಕ್ಕಿತು. ಈ ಕಾಯಿಲೆ ಇದ್ದ ಒಬ್ಬ ರೋಗಿಯಲ್ಲಿ ಅದೇ ವಂಶವಾಹಿ ಕೆಟ್ಟಿತ್ತು. ಪಿ.ಸಿ.ಡಿ.ಗೆ ಕಾರಣವೆಂದು ಗೊತ್ತಾದ ಮೊದಲ ವಂಶವಾಹಿ ಅದು. ನಾವು ಬಿಂದಿಗೆಯಿಂದ ಅತ್ತ ತಳ್ಳುವ ಪಾಚಿಗೂ ನಮ್ಮ ಮಕ್ಕಳ ಉಸಿರಿಗೂ ಹೀಗೊಂದು ನಂಟು! ಇವತ್ತಿಗೆ ಇಂಥ 50ಕ್ಕೂ ಹೆಚ್ಚು ವಂಶವಾಹಿಗಳು ಗೊತ್ತಾಗಿವೆ. ಅವುಗಳಲ್ಲಿ ಯಾವುದು ಕೆಟ್ಟರೂ ಕೂದಲಿಗೆ ತೊಂದರೆ.

ಆ ಪುಡಿ ಹೇಗೆ ತಯಾರಾಗುತ್ತದೆ?

ತೋಳಿನ ಪ್ರೋಟೀನನ್ನು ಮನುಷ್ಯರ ಮೂಗಿನಿಂದ ಕೆರೆದು ತೆಗೆಯಲು ಆಗುವುದಿಲ್ಲ. ಅಷ್ಟು ಸಿಗುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ.

ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತೀರಿ. ಬೆಳಗಾಗುವುದರಲ್ಲಿ ಮೊಸರು. ಹೆಪ್ಪಿನಲ್ಲಿದ್ದ ಬ್ಯಾಕ್ಟೀರಿಯಾ ರಾತ್ರಿಯಿಡೀ ಮರಿ ಹಾಕಿರುತ್ತವೆ. ಪ್ರಯೋಗಾಲಯದಲ್ಲೂ ಇಂಥ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ನಮ್ಮ ಕರುಳಿನಲ್ಲಿ ಇರುವ ಒಂದು ಬಗೆ. ಪ್ರಯೋಗಾಲಯದ ತಳಿ ತೊಂದರೆ ಕೊಡುವಂಥದ್ದಲ್ಲ. ಒಳ್ಳೆಯ ಆಹಾರ, ಬೆಚ್ಚಗೆ ಜಾಗ ಕೊಟ್ಟರೆ ಅದು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಒಂದು ಗಂಟೆಗೆ ಎಂಟು. ಎರಡು ಗಂಟೆಗೆ 64. ಇದೇ ವೇಗದಲ್ಲಿ ಹೋದರೆ ಹತ್ತು ಗಂಟೆಗೆ ನೂರು ಕೋಟಿಗೂ ಹೆಚ್ಚು! ಬೇಕಾದರೆ ಲೆಕ್ಕ ಹಾಕಿ ನೋಡಿ.

ಈ ಬ್ಯಾಕ್ಟೀರಿಯಾದ ಒಳಗೆ ಮನುಷ್ಯರ ವಂಶವಾಹಿಯ ಒಂದು ತುಂಡನ್ನು ಸೇರಿಸುತ್ತಾರೆ. ಬಟ್ಟೆ ಕತ್ತರಿಸಿ ತೇಪೆ ಹಾಕುವ ಹಾಗೆ. ಕತ್ತರಿಸಲು ಒಂದು ರಸ, ಅಂಟಿಸಲು ಒಂದು ರಸ. ಅಮೆರಿಕದ ಕೋಹೆನ್ ಮತ್ತು ಬೋಯರ್ ಎಂಬುವವರು 1973ರಲ್ಲಿ ಈ ತೇಪೆ ಕೆಲಸವನ್ನು ಮಾಡಿ ತೋರಿಸಿದರು. ತುಂಡು ಒಳಗೆ ಹೋದ ಮೇಲೆ ಬ್ಯಾಕ್ಟೀರಿಯಾಕ್ಕೆ ಇದು ತನ್ನದು, ಇದು ಮನುಷ್ಯರದು ಎಂಬ ಭೇದ ಇಲ್ಲ. ಅಲ್ಲಿ ಬರೆದ ಹಾಗೆ ಮಣಿ ಪೋಣಿಸುತ್ತಾ ಹೋಗುತ್ತದೆ. ಕೆಲವು ದೊಡ್ಡ ಸರಗಳನ್ನು ಬ್ಯಾಕ್ಟೀರಿಯಾ ಸರಿಯಾಗಿ ಮಡಿಸಲಾರದು. ಆಗ ಹುಳುವಿನ ಕೋಶವನ್ನೋ, ಮನುಷ್ಯರ ಕೋಶವನ್ನೋ ಬಳಸುತ್ತಾರೆ. ಗೋಧಿಯ ಮೊಳಕೆಯ ಸಾರದಲ್ಲೂ ಮಾಡುವುದುಂಟು.

ಆಮೇಲೆ ಬ್ಯಾಕ್ಟೀರಿಯಾವನ್ನು ಒಡೆಯಬೇಕು. ಒಡೆದಾಗ ಅದರೊಳಗಿನ ಸಾವಿರಾರು ಬಗೆಯ ಪ್ರೋಟೀನು ಒಟ್ಟಿಗೆ ಹೊರಗೆ ಬರುತ್ತವೆ. ಅದರಲ್ಲಿ ನಮಗೆ ಬೇಕಾದ್ದು ಯಾವುದು? ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೈಯಲ್ಲಿ ಆರಿಸಲು ಆಗುವುದಿಲ್ಲ. ಅದಕ್ಕೆ ಮೊದಲೇ ಸರದ ತುದಿಗೆ ಒಂದು ಪುಟ್ಟ ಬಾಲ ಕಟ್ಟಿರುತ್ತಾರೆ. ಬದುವಿನ ಮೇಲೆ ನಡೆದರೆ ಉತ್ತರಾಣಿ ಬೀಜ ಸೀರೆಯ ಅಂಚಿಗೆ ಹಿಡಿದುಕೊಳ್ಳುತ್ತದಲ್ಲ? ಹಾಗೆ ಈ ಬಾಲ ನಿಕ್ಕಲ್ ಎಂಬ ಲೋಹಕ್ಕೆ ಹಿಡಿದುಕೊಳ್ಳುತ್ತದೆ. ನಿಕ್ಕಲ್ ಇರುವ ಸಣ್ಣ ಮಣಿಗಳ ಮೇಲೆ ಆ ರಸವನ್ನು ಹರಿಸುತ್ತಾರೆ. ಬೇಡದ್ದು ಹರಿದು ಹೋಗುತ್ತದೆ. ಬಾಲ ಇರುವುದು ನಿಲ್ಲುತ್ತದೆ. ಅದನ್ನು ಬಿಡಿಸಿಕೊಂಡು ಶುದ್ಧವಾಗಿದೆಯೇ ಎಂದು ಪರೀಕ್ಷೆ ಮಾಡಿ, ಒಣಗಿಸಿಯೋ ಹೆಪ್ಪುಗಟ್ಟಿಸಿಯೋ ಶೀಶೆಯಲ್ಲಿ ಇಡುತ್ತಾರೆ.

ಒಂದು ಶೀಶೆಯಲ್ಲಿ ಎಷ್ಟು ಇರುತ್ತದೆ? ಒಂದು ಹರಳು ಪುಡಿ ಉಪ್ಪಿಗಿಂತ ಕಡಿಮೆ ಇರುವುದೂ ಉಂಟು. ಅದೂ ಬೆಚ್ಚಗಾದರೆ ಕೆಡುತ್ತದೆ. ನಮ್ಮ ಮನೆಯ ಫ್ರಿಜ್ಜಿಗಿಂತ ಎಷ್ಟೋ ತಣ್ಣಗಿನ ಪೆಟ್ಟಿಗೆಯಲ್ಲಿ ಇಡಬೇಕು.

ಅದರಿಂದ ಏನು ಉಪಯೋಗ?

ಉಪಯೋಗ ಪ್ರಯೋಗಾಲಯದಲ್ಲಿ. ಒಂದು ಉಪಯೋಗವನ್ನು ಮಾತ್ರ ಹೇಳುತ್ತೇನೆ. ಯಾಕೆಂದರೆ ಆ ಹುಡುಗನ ಮೂಗಿನ ಪರೀಕ್ಷೆಗೂ ಅದಕ್ಕೂ ಸಂಬಂಧ ಉಂಟು.

ಮನುಷ್ಯರ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತ ಅದನ್ನು ಪರಕೀಯ ಎಂದು ತಿಳಿಯುತ್ತದೆ. ಅದನ್ನೇ ಹುಡುಕಿ ಹಿಡಿಯುವ ಕಾವಲುಗಾರರನ್ನು ಹುಟ್ಟಿಸುತ್ತದೆ. ಅವಕ್ಕೆ ಪ್ರತಿಕಾಯ ಎಂದು ಹೆಸರು. ಆ ಕಾವಲುಗಾರರನ್ನು ತೆಗೆದುಕೊಂಡು ಅವುಗಳಿಗೆ ಹೊಳೆಯುವ ಬಣ್ಣ ಕಟ್ಟುತ್ತಾರೆ. ಇತ್ತ ಮಗುವಿನ ಮೂಗಿನೊಳಗೆ ಒಂದು ಸಣ್ಣ ಬ್ರಷ್ ಹಾಕಿ ಮೆಲ್ಲಗೆ ಉಜ್ಜಿ ಕೋಶಗಳನ್ನು ತೆಗೆಯುತ್ತಾರೆ. ಕ್ಷಣಕಾಲ ಕಿರಿಕಿರಿ, ಕಣ್ಣಲ್ಲಿ ನೀರು ಬರಬಹುದು, ಅಷ್ಟೇ. ಆ ಕೋಶಗಳನ್ನು ಗಾಜಿನ ಮೇಲಿಟ್ಟು ಮೊದಲು ಕೂದಲು ಅಲ್ಲಾಡುವುದನ್ನು ವೇಗದ ಕ್ಯಾಮರಾದಲ್ಲಿ ಹಿಡಿಯುತ್ತಾರೆ. ಆಮೇಲೆ ಬಣ್ಣ ಕಟ್ಟಿದ ಕಾವಲುಗಾರರನ್ನು ಬಿಡುತ್ತಾರೆ. ತೋಳು ಇದ್ದರೆ ಕೂದಲಿನ ಉದ್ದಕ್ಕೂ ಬೆಳಕು ಹೊಳೆಯುತ್ತದೆ. ತೋಳು ಇಲ್ಲದಿದ್ದರೆ ಕತ್ತಲು.

ಕಾವಲುಗಾರ ತಪ್ಪಿ ಬೇರೆ ಯಾವುದನ್ನೋ ಹಿಡಿದರೆ? ಅದನ್ನು ಪರೀಕ್ಷಿಸಲೂ ಆ ಶೀಶೆ ಬೇಕು. ಶೀಶೆಯ ಪ್ರೋಟೀನನ್ನು ಮೊದಲೇ ಕಾವಲುಗಾರನಿಗೆ ಕೊಟ್ಟುಬಿಡುತ್ತಾರೆ. ಅವನ ಕೈ ತುಂಬಿತು. ಈಗ ಕೋಶದ ಮೇಲೆ ಬಿಟ್ಟರೆ ಹೊಳಪು ಕಾಣಬಾರದು. ಕಾಣದಿದ್ದರೆ ಅವನು ನಂಬಿಕಸ್ಥ. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡಲು ಡೈರಿಯವರು ಶುದ್ಧ ಹಾಲಿನ ಅಳತೆ ಇಟ್ಟುಕೊಂಡಿರುತ್ತಾರಲ್ಲ, ಹಾಗೆ.

ಹಾಗಾದರೆ ಅದನ್ನೇ ಔಷಧಿಯಾಗಿ ಕೊಡಬಾರದೇಕೆ?

ಆ ತಾಯಿಯ ಪ್ರಶ್ನೆ ಇದೇ. ಇದು ದಡ್ಡ ಪ್ರಶ್ನೆ ಅಲ್ಲ. ಯಾಕೆಂದರೆ ಹೀಗೇ ತಯಾರಿಸಿದ ಕೆಲವು ಪ್ರೋಟೀನುಗಳು ನಿಜವಾಗಿಯೂ ಔಷಧಿಗಳೇ. ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಇನ್ಸುಲಿನ್ ನೋಡಿ. ಮೊದಲು ಅದನ್ನು ಹಂದಿ, ದನಗಳ ಮೈಯಿಂದ ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದಲ್ಲಿ ಮನುಷ್ಯರ ಇನ್ಸುಲಿನನ್ನು ಬ್ಯಾಕ್ಟೀರಿಯಾದಿಂದ ಮಾಡಿದರು. 1982ರಲ್ಲಿ ಅದು ರೋಗಿಗಳಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ ಮಾಡಿದ ಇನ್ಸುಲಿನನ್ನು ಮಾರಾಟಕ್ಕೆ ತಂದಿತು. ಮಗು ಹುಟ್ಟಿದ ಕೂಡಲೇ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ, ಅಂದರೆ ಕಾಮಾಲೆಯ ಲಸಿಕೆ, ಅದೂ ಯೀಸ್ಟಿನಿಂದ ಆದದ್ದೇ. ನಿಮ್ಮಲ್ಲಿ ಎಷ್ಟೋ ಮಂದಿ ಮಕ್ಕಳಿಗೆ ಅದನ್ನು ಹಾಕಿಸಿದ್ದೀರಿ.

ಇನ್ಸುಲಿನ್ ಕೆಲಸ ಮಾಡುವುದು ಕೋಶದ ಹೊರಗೆ ನಿಂತು. ರಕ್ತದಲ್ಲಿ ಹೋಗಿ ಬಾಗಿಲು ತಟ್ಟಿದರೆ ಸಾಕು. ತೋಳಿನ ಪ್ರೋಟೀನ್ ಹಾಗಲ್ಲ. ಅದು ಕೋಶದ ಒಳಗೇ ಹುಟ್ಟಬೇಕು. ಒಳಗೇ ಬೇರೆ ಪ್ರೋಟೀನುಗಳ ಜೊತೆ ಕೂಡಬೇಕು. ಆಮೇಲೆ ಕೂದಲಿನೊಳಗೆ ತನ್ನ ಜಾಗಕ್ಕೆ ಹೋಗಿ ಕೂರಬೇಕು. ಹೊರಗಿನಿಂದ ತಂದು ಸುರಿದರೆ ಕೋಶ ಅದನ್ನು ಒಳಗೆ ಬಿಡುವುದಿಲ್ಲ. ಕುಡಿಸಿದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಹತ್ತಾರು ಸಾವಿರದ ಪುಡಿ, ಅರ್ಧ ಕಾಳು ಬೇಳೆ ತಿಂದಷ್ಟೂ ಆಗುವುದಿಲ್ಲ. ಚುಚ್ಚಿದರಂತೂ ಅಪಾಯ. ಆ ಮೊಲದ ರಕ್ತ ಮಾಡಿದ್ದನ್ನು ಮಗುವಿನ ರಕ್ತವೂ ಮಾಡಬಹುದು. ಅದು ಮನುಷ್ಯರಿಗೆ ಕೊಡುವಷ್ಟು ಚೊಕ್ಕವಾಗಿ ತಯಾರಾದ ವಸ್ತುವೂ ಅಲ್ಲ.

ಗೆಳತಿ ಅಂಥ ಶೀಶೆಯ ಚಿತ್ರ ತೋರಿಸಿದಳು. ಅದರ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಇತ್ತು. ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸಬಾರದು ಎಂದು ಅದರ ಅರ್ಥ. ಮಾರುವವರು ಸುಳ್ಳು ಹೇಳಿರಲಿಲ್ಲ. ಆದರೆ ಆ ಸಾಲು ಅಣ್ಣನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಅದು ಅವರಿಗೆ ಬಾರದ ಭಾಷೆ.

ವಿಜ್ಞಾನಿಗಳು ಬೇರೆ ದಾರಿ ಹುಡುಕುತ್ತಿದ್ದಾರೆ. ಸರವನ್ನೇ ಕೊಡುವ ಬದಲು, ಸರ ಪೋಣಿಸುವ ಕ್ರಮವನ್ನು ಚೀಟಿಯ ಹಾಗೆ ಕೋಶದೊಳಗೆ ಕಳಿಸುವುದು. ಉಸಿರಿನ ಜೊತೆ ಎಳೆದುಕೊಳ್ಳುವ ಹನಿಯಲ್ಲಿ ಅಂಥ ಚೀಟಿ ಇಟ್ಟು ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆ 2020ರ ಈಚೆಗೆ ಶುರುವಾಯಿತು. ಅದೂ ಈ ತೋಳಿನ ಪ್ರೋಟೀನ್ ಕೆಟ್ಟವರಿಗಾಗಿ ಮಾತ್ರ. ಅಂಗಡಿಯಲ್ಲಿ ಸಿಗುವ ಔಷಧಿ ಅಲ್ಲ. ನಮ್ಮ ಹುಡುಗನ ಯಾವ ವಂಶವಾಹಿ ಕೆಟ್ಟಿದೆ ಎಂಬುದೇ ಇನ್ನೂ ತಿಳಿದಿಲ್ಲ.

ಇದು ಯಾಕೆ ಬರುತ್ತದೆ?

ಪ್ರತಿ ವಂಶವಾಹಿಯೂ ನಮ್ಮಲ್ಲಿ ಎರಡೆರಡು ಇರುತ್ತದೆ. ಒಂದು ತಾಯಿಯದು, ಒಂದು ತಂದೆಯದು. ಒಂದು ಕೆಟ್ಟು ಇನ್ನೊಂದು ಸರಿ ಇದ್ದರೆ ಕೆಲಸ ನಡೆಯುತ್ತದೆ. ಕಾಯಿಲೆ ಕಾಣುವುದಿಲ್ಲ. ತಾಯಿ ತಂದೆ ಇಬ್ಬರಲ್ಲೂ ಹೀಗೆ ಒಂದೊಂದು ಕೆಟ್ಟದ್ದಿದ್ದು, ಎರಡೂ ಕೆಟ್ಟದ್ದೇ ಮಗುವಿಗೆ ಬಂದರೆ ಕಾಯಿಲೆ ಬರುತ್ತದೆ. ಹೆಚ್ಚಿನವರಿಗೆ ಪಿ.ಸಿ.ಡಿ. ಬರುವುದು ಹೀಗೆ. ಅಂಥ ತಂದೆ ತಾಯಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಹಾಗಾಗುವ ಸಂಭವ.

ಹತ್ತಿರದ ನೆಂಟರಲ್ಲಿ ಒಂದೇ ಕೆಟ್ಟ ವಂಶವಾಹಿ ಇರುವ ಸಂಭವ ಹೆಚ್ಚು. ಒಂದೇ ಅಜ್ಜ ಅಜ್ಜಿಯಿಂದ ಇಬ್ಬರಿಗೂ ಬಂದಿರಬಹುದು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ರೂಢಿ. ಆಸ್ತಿ ಹೊರಗೆ ಹೋಗುವುದಿಲ್ಲ, ಹೆಣ್ಣು ಕಣ್ಣೆದುರೇ ಇರುತ್ತಾಳೆ ಅಂತ ಹಿರಿಯರು ಹೇಳುತ್ತಾರೆ. ಆ ತಾಯಿಯದೂ ಸೋದರಮಾವನ ಜೊತೆ ಆದ ಮದುವೆ. ಅವರಿಗೆ ಹದಿನಾರು ವರ್ಷವಿದ್ದಾಗ ಅಜ್ಜಿ ಹಠ ಹಿಡಿದು ಮಾಡಿಸಿದ್ದು. ಆ ಅಜ್ಜಿಯೇ ಈಗಿನ ಅತ್ತೆ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆಲ್ಲ ಕಾಯಿಲೆ ಬರುತ್ತದೆ ಅಂತ ಅಲ್ಲ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ಬರುವ ಸಂಭವ ಹೆಚ್ಚು. ಅವರ ಮಗಳಿಗೆ ಈಗ ಹನ್ನೆರಡು ವರ್ಷ. "ಅವಳನ್ನ ನಮ್ಮ ತಮ್ಮಂಗೆ ಕೊಡಾದು ಅಂತ ಮಾತಾಗೈತೆ" ಎಂದು ಅವರೇ ಹೇಳಿದರು. ಹೇಳಿ ಸುಮ್ಮನಾದರು. ಹುಡುಗಿಗೆ ಹದಿನೆಂಟು ತುಂಬುವವರೆಗೆ ಮದುವೆ ಮಾಡುವಂತಿಲ್ಲ ಎಂಬುದು ಕಾನೂನು. ಆ ಮಾತು ಸದ್ಯಕ್ಕೆ ಅಲ್ಲಿಗೆ ನಿಂತಿದೆ.

ಈಗ ಏನು ಮಾಡುತ್ತಿದ್ದಾರೆ?

ಹೊಲ ಅಡ ಇಡಲಿಲ್ಲ. ಕೂದಲನ್ನು ಅಲ್ಲಾಡಿಸುವ ಔಷಧಿ ಇಲ್ಲ. ಆದರೆ ಮಾಡುವ ಕೆಲಸ ಬಹಳ ಉಂಟು. ಪೊರಕೆ ಕೆಲಸ ಮಾಡದಿದ್ದರೆ ಬೇರೆ ರೀತಿ ಗುಡಿಸಬೇಕು. ದಿನಕ್ಕೆ ಎರಡು ಸಲ ಹುಡುಗನನ್ನು ಕೂರಿಸಿ ಉಸಿರಿನ ವ್ಯಾಯಾಮ ಮಾಡಿಸುತ್ತಾರೆ. ಉದ್ದ ಉಸಿರು ಎಳೆದು, ತಡೆದು, ಹಾ ಎಂದು ಬಿಡುವುದು. ಬೆನ್ನಿನ ಮೇಲೆ ಕೈ ಬೊಗಸೆ ಮಾಡಿ ತಟ್ಟುವುದು. ಇದನ್ನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಓಡಿ ಆಡಲು ಬಿಡುತ್ತಾರೆ. ಓಡಿದರೆ ಕಫ ಸಡಿಲವಾಗುತ್ತದೆ. ಕಫ ಹಳದಿ, ಹಸಿರು ಆದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆ. ವೈದ್ಯರು ಬರೆದ ಮಾತ್ರೆಯನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಕೆಮ್ಮು ಅಡಗಿಸುವ ಸಿರಪ್ಪನ್ನು ಅಂಗಡಿಯಿಂದ ತರಬಾರದು. ಇವನಿಗೆ ಕೆಮ್ಮೇ ಪೊರಕೆ. ಲಸಿಕೆ ಯಾವುದನ್ನೂ ತಪ್ಪಿಸಬಾರದು. ಕಿವಿಯ ಪರೀಕ್ಷೆ ಮಾಡಿಸಿದ್ದಾರೆ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ.

ಹೊಗೆಯ ವಿಚಾರ ಇವನೊಬ್ಬನದಲ್ಲ. ಬೀಡಿಯ ಹೊಗೆ, ಸೌದೆಯ ಹೊಗೆ ಚೆನ್ನಾಗಿರುವ ಕಿರುಗೂದಲನ್ನೂ ಮಂಕು ಮಾಡುತ್ತದೆ. ವರ್ಷಗಟ್ಟಲೆ ಒಲೆ ಊದಿದ ನಮ್ಮ ತಾಯಂದಿರ ಕೆಮ್ಮಿಗೆ ಅದೂ ಒಂದು ಕಾರಣ. ಅವರ ಮನೆಯಲ್ಲಿ ಗ್ಯಾಸ್ ಇದೆ, ಆದರೆ ಮುದ್ದೆಗೆ ಸೌದೆ ಒಲೆಯೇ ಆಗಬೇಕು ಎಂದು ಅತ್ತೆಯ ಹಠ ಇತ್ತು. ಈಗ ಒಲೆಯನ್ನು ಹಿತ್ತಿಲಿಗೆ ಹಾಕಿದ್ದಾರೆ. ಹುಡುಗನ ಅಪ್ಪ ಬೀಡಿ ಸೇದಲು ಬೀದಿಗೆ ಹೋಗುತ್ತಾರೆ. ಪೂರ್ತಿ ಬಿಟ್ಟಿಲ್ಲ.

ಮೂಗಿನ ಪರೀಕ್ಷೆ ಎಲ್ಲ ಆಸ್ಪತ್ರೆಯಲ್ಲೂ ಆಗುವುದಿಲ್ಲ. ಬೆಂಗಳೂರಿಗೆ ಹೋಗಬೇಕು. ಮುಂದಿನ ತಿಂಗಳ ಎರಡನೇ ಮಂಗಳವಾರ ಬರಲು ಹೇಳಿದ್ದಾರೆ. ಹಿಂದಿನ ವಾರ ನೆಗಡಿ ಜೋರಾಗಿ ಬಂದಿದ್ದರೆ ತಿಳಿಸಿ, ದಿನ ಮುಂದಕ್ಕೆ ಹಾಕುತ್ತೇವೆ ಅಂದಿದ್ದಾರೆ. ಅದಕ್ಕೆ ಆ ತಾಯಿ ಒಂದು ನೋಟು ಪುಸ್ತಕ ಇಟ್ಟಿದ್ದಾರೆ. ಮೊನ್ನೆ ನನಗೆ ತೋರಿಸಿದರು. ಸೋಮವಾರ, ಕಫ ಬಿಳಿ. ಮಂಗಳವಾರ, ಕಫ ಬಿಳಿ, ಆಡಿದ. ಬುಧವಾರ, ಕಫ ಹಳದಿ, ಜ್ವರ 100. ಗುರುವಾರ, ಮಾತ್ರೆ ಒಂದನೇ ದಿನ.